ಐಸ್ ಬೀಳುತ್ತಿಲ್ಲ, ಆರ್‌ಸಿಸಿಬಿ ಬೀಳುತ್ತಿದೆ: ಫ್ರಿಡ್ಜ್ ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

(ದಾವಣಗೆರೆಯ ನಮ್ಮ ಗ್ರೂಪಿನಲ್ಲಿ ಭಾನುವಾರ ನಡೆದ ಮಾತುಕತೆ. ಹೆಸರು ತೆಗೆದು ಬಡಾವಣೆ, ಊರು ಮಾತ್ರ ಉಳಿಸಿದ್ದೇವೆ. ಆರ್‌ಸಿಸಿಬಿ ಅಂದರೆ ಕರೆಂಟು ಎಲ್ಲಾದರೂ ಸೋರಿದರೆ ತಾನಾಗಿ ಬಿದ್ದು ಲೈನ್ ಕಡಿಯುವ ಸ್ವಿಚ್.)

ಮೆಕ್ಯಾನಿಕ್: ಎಲ್ಲರಿಗೂ ನಮಸ್ಕಾರ. ಇವತ್ತು ಅಂಗಡಿ ರಜೆ, ಫ್ರಿಡ್ಜ್ ಬಗ್ಗೆ ಏನಿದ್ದರೂ ಕೇಳಿ. ಎಷ್ಟು ವರ್ಷದ್ದು, ಏನು ಸದ್ದು ಮಾಡುತ್ತೆ, ಅದನ್ನೂ ಬರೆಯಿರಿ.

ವಿದ್ಯಾನಗರ: ಸರ್, ಸೈಡ್ ಬೈ ಸೈಡ್ ಫ್ರಿಡ್ಜ್, ನೀರಿನ ಪೈಪ್ ಕೊಟ್ಟಿರೋ ಐಸ್ ಮೇಕರ್. ಒಂದು ತಿಂಗಳಿಂದ ಐಸ್ ಬೀಳುತ್ತಿಲ್ಲ. ನೋಡಲು ಬಂದವರು ಫ್ರಿಡ್ಜ್‌ನ ಕಂಟ್ರೋಲ್ ಬೋರ್ಡ್ ಹೋಗಿದೆ ಅಂದರು.

ಮೆಕ್ಯಾನಿಕ್: ಬೋರ್ಡ್‌ಗೆ ದುಡ್ಡು ಕೊಡೋ ಮುಂಚೆ ಸ್ವಲ್ಪ ನೋಡಿ ಸರ್. ಫ್ರೀಜರ್ ಮೈನಸ್ 18ರ ಆಸುಪಾಸು ಇರಬೇಕು. ನೀರು ಗಟ್ಟಿಯಾಯಿತು ಅಂತ ಸೆನ್ಸರ್‌ಗೆ ಗೊತ್ತಾಗದಿದ್ದರೆ ಟ್ರೇ ತಿರುಗೋದೇ ಇಲ್ಲ. ತಣುಪು ಸರಿ ಇದ್ದರೆ ಐಸ್ ಮೇಕರ್‌ನ ಟೆಸ್ಟ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಟ್ರೇ ತಿರುಗಿ ವಾಪಸ್ ಬಂದರೆ ಮೋಟರ್ ಚೆನ್ನಾಗಿದೆ, ಬೋರ್ಡ್‌ನಿಂದ ಅದಕ್ಕೆ ಕರೆಂಟೂ ಬರುತ್ತಿದೆ. ಆಮೇಲೆ ಫ್ರಿಡ್ಜ್ ಹಿಂದೆ ಕಿವಿ ಕೊಡಿ. ನೀರಿನ ವಾಲ್ವ್ ಕೆಲವು ಸೆಕೆಂಡ್ ಝುಂ ಅನ್ನಬೇಕು. ಸದ್ದೇ ಇಲ್ಲ ಅಂದರೆ ವಾಲ್ವ್ ಕಾಯಿಲ್, ವೈರ್, ಬೋರ್ಡ್ ಈ ಮೂರರಲ್ಲಿ ಒಂದು. ಸದ್ದಿದ್ದು ನೀರಿಲ್ಲ ಅಂದರೆ ಅದು ಕರೆಂಟಿನ ತಕರಾರಲ್ಲ. ನಿಮ್ಮ ಟ್ಯಾಂಕ್ ಎಲ್ಲಿದೆ?

ವಿದ್ಯಾನಗರ: ಝುಂ ಅನ್ನುತ್ತೆ. ಟ್ಯಾಂಕ್ ನಮ್ಮ ತಲೆ ಮೇಲಿನ ತಾರಸಿಯಲ್ಲೇ ಇದೆ. ಬೋರ್ ನೀರು.

ಮೆಕ್ಯಾನಿಕ್: ಹಾಗಾದರೆ ಸಿಕ್ಕಿತು. ನೀರು 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ. ನಿಮ್ಮದು 3 ಮೀಟರ್ ಇದ್ದೀತು, ಅಂದರೆ 0.3 ಬಾರ್. ಈ ವಾಲ್ವ್‌ಗಳು ಸಾಮಾನ್ಯವಾಗಿ ಒಂದೂವರೆ ಬಾರ್ ಹತ್ತಿರ ಕೇಳುತ್ತವೆ. ಮೇಲಿಂದ ಬೋರ್ ನೀರಿನ ಬಿಳಿ ಉಪ್ಪು ವಾಲ್ವ್ ಬಾಯಿಯ ಜಾಲರಿಗೆ ಕಟ್ಟಿಕೊಂಡಿರುತ್ತೆ. ಪ್ಲಗ್ ತೆಗೆದು, ನೀರು ನಿಲ್ಲಿಸಿ, ಜಾಲರಿ ತೊಳೆಯಿರಿ. ಫಿಲ್ಟರ್ ಹಳೆಯದಾಗಿದ್ದರೆ ಬದಲಿಸಿ. ಆಗಲೂ ಬರದಿದ್ದರೆ ಚಿಕ್ಕ ಬೂಸ್ಟರ್ ಪಂಪ್ ಹಾಕಿಸಿ. ಬೋರ್ಡ್ ಬೇಡ.

ಪಿ.ಜೆ. ಬಡಾವಣೆ: ಸರ್ ನಮ್ಮದೂ ಐಸ್ ಬೀಳುತ್ತಿಲ್ಲ, ಏನಿರಬಹುದು?

ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ, ಓದಿ.

ನಿಟುವಳ್ಳಿ: ಅಣ್ಣ, ನಮ್ಮ ಫ್ರಾಸ್ಟ್ ಫ್ರೀ ಫ್ರಿಡ್ಜ್‌ಗೆ 9 ವರ್ಷ. ಮೇನ್ ಬೋರ್ಡಿನ ಆರ್‌ಸಿಸಿಬಿ ದಿನಕ್ಕೆ ಒಂದೆರಡು ಸಲ ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು, ಅದೇ ಕೆಟ್ಟಿದೆ ಅಂತ ತೆಗೆದು ಡೈರೆಕ್ಟ್ ಕೊಟ್ಟರು. ಈಗ ಬೀಳುವುದಿಲ್ಲ. ಆದರೆ ನಿನ್ನೆ ನೆಲ ಒರೆಸುವಾಗ ಬಾಗಿಲು ಮುಟ್ಟಿದರೆ ಕೈ ಜುಮ್ ಅಂತು. ಮಗಳಿಗೂ ಆಯಿತು. ಅರ್ಧ ಗಂಟೆ ಬಿಟ್ಟು ಮುಟ್ಟಿದರೆ ಏನೂ ಇಲ್ಲ.

ಮೆಕ್ಯಾನಿಕ್: ಅಕ್ಕ, ಮೊದಲು ಮೇನ್ ಸ್ವಿಚ್ ಇಳಿಸಿ. ಚಪ್ಪಲಿ ಹಾಕಿಕೊಂಡು, ಒಣಗಿದ ಕೈಯಲ್ಲಿ ಫ್ರಿಡ್ಜ್ ಪ್ಲಗ್ ಕೀಳಿ. ಮಿಕ್ಕಿದ್ದು ಆಮೇಲೆ ಓದಿ.

ಆರ್‌ಸಿಸಿಬಿ ಕೆಟ್ಟಿರಲಿಲ್ಲ, ಅದು ತನ್ನ ಕೆಲಸ ಮಾಡುತ್ತಿತ್ತು. ಫ್ರಾಸ್ಟ್ ಫ್ರೀ ಫ್ರಿಡ್ಜ್‌ನಲ್ಲಿ ಕೆಲವು ಗಂಟೆಗೊಮ್ಮೆ ಕಂಪ್ರೆಸರ್ ನಿಂತು, ಕೂಲಿಂಗ್ ಕಾಯಿಲ್ ಹತ್ತಿರದ ಡಿಫ್ರಾಸ್ಟ್ ಹೀಟರ್ ಆನ್ ಆಗುತ್ತೆ. ಕಾಯಿಲ್‌ಗೆ ಕಟ್ಟಿದ ಐಸ್ ಕರಗಿಸೋಕೆ. ಹೀಟರ್ ಹಳೆಯದಾದರೆ ತುದಿಯ ರಬ್ಬರ್ ಸೀಳುತ್ತೆ, ಕರಗಿದ ನೀರು ಒಳಗೆ ಇಳಿಯುತ್ತೆ, ಕರೆಂಟು ಬಾಡಿಗೆ ಸೋರುತ್ತೆ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ ಮನೆಗಳ ಆರ್‌ಸಿಸಿಬಿ ಬೀಳುತ್ತೆ. ನಿಮ್ಮದು ಲೆಕ್ಕ ಇಟ್ಟ ಹಾಗೆ ಬೀಳುತ್ತಿದ್ದದ್ದು, ಈಗ ಸ್ವಲ್ಪ ಹೊತ್ತು ಮಾತ್ರ ಶಾಕ್ ಬರೋದು, ಎರಡೂ ಹೀಟರ್ ಕಡೆಗೇ ಬೊಟ್ಟು ಮಾಡುತ್ತವೆ. ಇನ್ನೊಂದು ಭಯ ಇದೆ. ಅರ್ಥಿಂಗ್ ಗಟ್ಟಿ ಇದ್ದಿದ್ದರೆ ಬಾಡಿ ಕೈಗೆ ಹೊಡೆಯುತ್ತಿರಲಿಲ್ಲ. ಅಂದರೆ ನಿಮ್ಮ ಮನೆಯಲ್ಲಿ ಈಗ ಅರ್ಥೂ ಸರಿ ಇಲ್ಲ, ಆರ್‌ಸಿಸಿಬಿಯೂ ಇಲ್ಲ.

ಬರೀ ಮಲ್ಟಿಮೀಟರ್ ಹಿಡಿದು ಹೀಟರ್ ಚೆನ್ನಾಗಿದೆ ಅಂದರೆ ನಂಬಬೇಡಿ. ಒಂದು ಮನೆಯಲ್ಲಿ ನಾನೇ ಮೋಸ ಹೋಗಿದ್ದೆ. ಓಮ್ಸ್ ಸರಿಯಾಗಿ ತೋರಿಸಿತು. ಬಿಚ್ಚಿ ಬೆಳಕಿಗೆ ಹಿಡಿದರೆ ರಬ್ಬರ್ ಟೋಪಿಯಲ್ಲಿ ಕೂದಲೆಳೆಯಷ್ಟು ಸೀಳು, ಒಳಗೆ ಹಸಿರು ಕಿಲುಬು. 500 ವೋಲ್ಟ್ ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಸೋರಿಕೆ ಹಿಡಿಯೋ ಮೀಟರ್) ಇಟ್ಟ ಕೂಡಲೇ ಲೀಕೇಜ್ ಸಿಕ್ಕಿತು. ನಿಮ್ಮದಕ್ಕೂ ಮೆಗ್ಗರ್ ಟೆಸ್ಟೇ ಆಗಬೇಕು.

ವಿನೋಬನಗರ: ಇದು ಈಗಷ್ಟೇ ಬಂದ ಫಾರ್ವರ್ಡ್. "ಫ್ರಿಡ್ಜ್ ಶಾಕ್ ಹೊಡೆದರೆ ಪ್ಲಗ್‌ನ ದಪ್ಪ ಪಿನ್ ತೆಗೆದುಬಿಡಿ, ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ಎಲ್ಲರಿಗೂ ಕಳಿಸಿ."

ಮೆಕ್ಯಾನಿಕ್: ದಯವಿಟ್ಟು ಅಳಿಸಿ. ಆ ದಪ್ಪ ಪಿನ್ನೇ ಅರ್ಥ್. ಅದು ಹೋದರೆ ಸೋರಿದ ಕರೆಂಟಿಗೆ ಮುಟ್ಟಿದವರ ಮೈ ಒಂದೇ ದಾರಿ. ಮ್ಯಾಟ್ ಮೇಲೆ ಫ್ರಿಡ್ಜ್ ನಿಂತಿರುತ್ತೆ, ಮಗು ಒದ್ದೆ ನೆಲದ ಮೇಲೆ ನಿಂತಿರುತ್ತೆ.

ವಿನೋಬನಗರ: ನಮ್ಮ ಮನೆಯಲ್ಲಿ 10 ವರ್ಷದಿಂದ ಎರಡು ಪಿನ್ನಲ್ಲೇ ಓಡುತ್ತಿದೆ. ಏನೂ ಆಗಿಲ್ಲ.

ಡಿಸಿಎಂ ಟೌನ್‌ಶಿಪ್: ಏನೂ ಆಗಿಲ್ಲ ಅಂತ ಇನ್ನೊಬ್ಬರ ಮನೆಗೆ ಹೇಳೋದಾ? ಓದಿಯಾದರೂ ಕಳಿಸಿ.

ವಿನೋಬನಗರ: ನೀವೇನು ಎಲೆಕ್ಟ್ರಿಷಿಯನ್ನಾ?

ಡಿಸಿಎಂ ಟೌನ್‌ಶಿಪ್: ಅಲ್ಲ. ನಮ್ಮ ಚಿಕ್ಕಪ್ಪನಿಗೆ ಮೋಟರ್ ಶಾಕ್ ಹೊಡೆದಿತ್ತು, ಅದಕ್ಕೆ ಹೇಳುತ್ತಿದ್ದೇನೆ.

ಹರಿಹರ: ಜಗಳ ಬಿಡ್ರಪ್ಪ. ಒಳ್ಳೇ ಸ್ಟೆಬಿಲೈಜರ್ ಹಾಕಿದರೆ ಶಾಕ್ ಬರಲ್ಲ, ಅಲ್ವಾ ಸರ್?

ಮೆಕ್ಯಾನಿಕ್: ಇಲ್ಲ. ಸ್ಟೆಬಿಲೈಜರ್ ವೋಲ್ಟೇಜ್ ಸರಿ ಮಾಡುತ್ತೆ, ಲೀಕೇಜ್ ಅಲ್ಲ.

ಆಂಜನೇಯ ಬಡಾವಣೆ: ಗ್ಯಾಸ್ ತುಂಬಿಸೋಕೆ ಎಷ್ಟಾಗುತ್ತೆ ಸರ್?

ಸರಸ್ವತಿ ನಗರ: ಐಸ್ ಮೇಕರ್ ಪೈಪಿನ ಬಾಯಲ್ಲಿ ಐಸ್ ಗಡ್ಡೆ ಕಟ್ಟಿದೆ. ಕಲ್ಲುಪ್ಪು ಹಾಕಿ ಚಾಕುವಿನಿಂದ ಕೆತ್ತಿ ಅಂತ ವೀಡಿಯೊ ನೋಡಿದೆ.

ಮೆಕ್ಯಾನಿಕ್: ಚಾಕು ಮುಟ್ಟಬೇಡಿ! ಈಗಿನ ಫ್ರಿಡ್ಜ್‌ಗಳಲ್ಲಿ ಬಹಳಷ್ಟಕ್ಕೆ ತಣ್ಣಗೆ ಮಾಡೋ ಗ್ಯಾಸ್ ಆರ್ 600ಎ, ಅಂದರೆ ಐಸೋಬ್ಯೂಟೇನ್. ಅಡುಗೆ ಗ್ಯಾಸ್ ಹಾಗೆ ಹತ್ತಿಕೊಳ್ಳುತ್ತೆ. ಕಾಯಿಲ್ ತೂತಾದರೆ ಮುಗೀತು. ಉಪ್ಪು ಹಾಕಿದರೆ ತಗಡು ತುಕ್ಕು ಹಿಡಿಯುತ್ತೆ. ಪ್ಲಗ್ ತೆಗೆದು, ಬಾಗಿಲು ತೆರೆದು ರಾತ್ರಿ ಪೂರ್ತಿ ಬಿಡಿ. ಮತ್ತೆ ಕಟ್ಟಿದರೆ ವಾಲ್ವ್ ಪೂರ್ತಿ ಮುಚ್ಚದೆ ತೊಟ್ಟಿಕ್ಕುತ್ತಿದೆ ಅಂತ ಅರ್ಥ.

ಪಿ.ಜೆ. ಬಡಾವಣೆ: ಓದಿದೆ ಸರ್, ಅರ್ಥ ಆಗಲಿಲ್ಲ. ಐಸ್ ಯಾಕೆ ಬೀಳುತ್ತಿಲ್ಲ?

ಮೆಕ್ಯಾನಿಕ್: ಟೆಸ್ಟ್ ಬಟನ್ ಒತ್ತಿ. ಟ್ರೇ ತಿರುಗಿತಾ ಇಲ್ಲವಾ, ಅಷ್ಟು ಹೇಳಿ.

ವಿನೋಬನಗರ: ಫಾರ್ವರ್ಡ್ ಅಳಿಸಿದ್ದೇನೆ. ಆದರೆ ಎಲ್ಲರೂ ಸೇರಿ ಬಯ್ಯೋ ಅಗತ್ಯ ಇರಲಿಲ್ಲ.

ನಿಟುವಳ್ಳಿ: ಅಣ್ಣ, ಪ್ಲಗ್ ಕಿತ್ತಿದ್ದೇನೆ. ಹಾಲು, ಮೊಸರು ಪಕ್ಕದ ಮನೆಯಲ್ಲಿಟ್ಟೆ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ, ಆರ್‌ಸಿಸಿಬಿ ಮತ್ತೆ ಹಾಕಿದರೆ ಮತ್ತೆ ಬೀಳುತ್ತೆ ಅಂತಾರೆ.

ಮೆಕ್ಯಾನಿಕ್: ಬೀಳಲಿ ಅಕ್ಕ. ಇವತ್ತೇ ವಾಪಸ್ ಹಾಕಿಸಿ, ಟೆಸ್ಟ್ ಬಟನ್ ಒತ್ತಿ ಬೀಳುತ್ತಾ ಅಂತ ನೋಡಿ. ಅರ್ಥ್ ಗುಂಡಿಯ ತಂತಿ ತುಂಡಾಗಿದೆಯಾ ಅಂತಲೂ ನೋಡಲು ಹೇಳಿ. ನಾಳೆ ಬೆಳಿಗ್ಗೆ 9ಕ್ಕೆ ಮೆಗ್ಗರ್ ತಗೊಂಡು ಬರುತ್ತೇನೆ. ಫ್ರಿಡ್ಜ್ ಬಾಗಿಲು ಸ್ವಲ್ಪ ತೆರೆದಿಟ್ಟು ಕೆಳಗೆ ದಪ್ಪ ಬಟ್ಟೆ ಹಾಸಿ, ನೀರು ಇಳಿಯುತ್ತೆ. ನಾನು ಬರೋ ತನಕ ಪ್ಲಗ್ ಹಾಕಬೇಡಿ. ಮಗಳಿಗೂ ಹೇಳಿಡಿ.