ಟಿವಿ, ಫೋನ್ ನೋಡಿ ಹಿರಿಯರಿಗೆ ಆರೋಗ್ಯದ ತಿಳಿವಳಿಕೆ ಬರುತ್ತದಾ?

ಹಾಸನದ ಸೊಸೆ: 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ನೆನಪಿದೆಯಲ್ವಾ? ಟಿವಿಯಲ್ಲಿ ದಿನಾ ಸತ್ತವರ ಲೆಕ್ಕ. ನಮ್ಮತ್ತೆಗೆ ಎಷ್ಟು ಜನ, ಯಾವ ಊರು, ಎಲ್ಲ ಬಾಯಿಪಾಠ. ಎದೆನೋವು ಬಂದರೆ ಮೊದಲು ಏನು ಮಾಡಬೇಕು ಅಂತ ಕೇಳಿದೆ. "ಮೈಸೂರಿನ ಜಯದೇವಕ್ಕೆ ಹೋಗಬೇಕು" ಅಂದರು. ಮೈಸೂರು ಇಲ್ಲಿಂದ ನೂರು ಕಿಲೋಮೀಟರಿಗೂ ಜಾಸ್ತಿ! ಅಷ್ಟು ನೋಡಿ ಕಲಿತದ್ದು ಭಯ ಮಾತ್ರ.

ಅರಸೀಕೆರೆ ಮೇಷ್ಟ್ರು: ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಮ್ಮ. ನಾನು ಎಪ್ಪತ್ತು ದಾಟಿದವನು. ಬಿಪಿ ಕಡಿಮೆಯಾಯಿತು ಅಂತ ಮಾತ್ರೆ ಬಿಡಬಾರದು ಅನ್ನೋದು ನನಗೆ ತಲೆಗೆ ಹೋಗಿದ್ದು ರೇಡಿಯೋದಲ್ಲಿ ಡಾಕ್ಟರ ಮಾತು ಕೇಳಿ. ಆಸ್ಪತ್ರೆಯ ಸಾಲಿನಲ್ಲಿ ನಿಂತವನಿಗೆ ಅಷ್ಟು ಬಿಡಿಸಿ ಹೇಳಲು ಯಾರಿಗೆ ಪುರುಸೊತ್ತು?

ಸಕಲೇಶಪುರ ತೋಟದವ: ರೇಡಿಯೋ ಸರಿ ಮೇಷ್ಟ್ರೇ. ವಾಟ್ಸಾಪ್ ಕಥೆಯೇ ಬೇರೆ. "ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮಿ" ಅನ್ನೋ ಮೆಸೇಜ್ ನಮ್ಮ ಕಡೆ ಇನ್ನೂ ಓಡಾಡುತ್ತಿದೆ. ಅಪ್ಪ ಅದನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ.

ಬೇಲೂರು ಸಿಸ್ಟರ್: ದಯವಿಟ್ಟು ಆ ಪುಟ ಹರಿದುಬಿಡಿ ಅಣ್ಣ. ಕೆಮ್ಮುತ್ತಾ ಕೂತರೆ ಹೊತ್ತು ಹೋಗುತ್ತದೆ ಅಷ್ಟೇ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಬೇಕು. ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಬೇಕಿದ್ದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ, ಪುಕ್ಕಟೆ. ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಬರದೆ ಬರೀ ಬೆವರು, ಉಸಿರುಕಟ್ಟು, ಸುಸ್ತು ಬರಬಹುದು. ಇದನ್ನು ದಿನಾ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಆಮೇಲೆ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಹಾಸನದಲ್ಲಿ ಸಾವು ಅಸಹಜವಾಗಿ ಏರಿಲ್ಲ ಅಂತ ವರದಿ ಕೊಟ್ಟಿತು. ಅದು ಎಷ್ಟು ಮನೆಗಳಿಗೆ ಮುಟ್ಟಿತು?

ಇನ್ನೊಂದು. ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರಿನಲ್ಲಿ ಸಕ್ಕರೆ ಮಾತ್ರೆ ತಂದಿದ್ದರು. ಒಂದು ಪಟ್ಟಿಯೂ ಒಡೆದಿರಲಿಲ್ಲ. ಯಾವುದೋ ವಿಡಿಯೋ ನೋಡಿ ಬರೀ ಮೆಂತ್ಯದ ನೀರು ಕುಡಿಯುತ್ತಿದ್ದರಂತೆ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದು 1954ರ ಕಾಯ್ದೆಯಿಂದಲೇ ನಿಷಿದ್ಧ. ಆದರೂ ಫೋನ್ ತೆರೆದರೆ ಅದೇ.

ಹಾಸನದ ಸೊಸೆ: ಅದಕ್ಕೇ ಹೇಳಿದ್ದು ಸಿಸ್ಟರ್, ಫೋನ್ ಕೊಡಿಸದಿದ್ದರೇ ವಾಸಿ.

ಅರಸೀಕೆರೆ ಮೇಷ್ಟ್ರು: ಅದು ತಪ್ಪಮ್ಮ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಕಣ್ಣಿನ ಪೊರೆ ಆಪರೇಷನ್ ಆದಮೇಲೆ ಡ್ರಾಪ್ಸ್ ಹಾಕುವುದನ್ನು ನಾನು ಕಲಿತದ್ದು ವಿಡಿಯೋ ನೋಡಿಯೇ. ಅನುಮಾನ ಬಂದರೆ ಕೇಳಲು ಒಬ್ಬರು ಇರಬೇಕು. ಕಷ್ಟ ಇರುವುದು ಅಲ್ಲಿ. ಟಿವಿಯನ್ನು ನಾವು ತಿರುಗಿ ಕೇಳಲಾಗುವುದಿಲ್ಲ. ಮಕ್ಕಳನ್ನು ಕೇಳಿದರೆ "ಸುಮ್ನೆ ಅದೆಲ್ಲ ನೋಡಬೇಡಿ" ಅಂತಾರೆ, ಯಾಕೆ ಅಂತ ಹೇಳುವುದಿಲ್ಲ.

ಬೇಲೂರು ಸಿಸ್ಟರ್: ನಿಜ ಮೇಷ್ಟ್ರೇ. ಆ ಅಜ್ಜಿಗೂ ಗದರಿದ್ದರೆ ಇನ್ನೊಂದು ಸಲ ಬರುತ್ತಿರಲಿಲ್ಲ. ಮೆಂತ್ಯ ಬೇಡ ಅನ್ನಲಿಲ್ಲ, ಮಾತ್ರೆ ಬಿಡಬೇಡಿ ಅಂದೆ. ಮುಂದಿನ ತಿಂಗಳು ಖಾಲಿ ಪಟ್ಟಿ ತಂದು ತೋರಿಸಿದರು.

ಸಕಲೇಶಪುರ ತೋಟದವ: ಅಪ್ಪನ ಹತ್ತಿರ ಇವತ್ತೇ ಕೂತು ಮಾತಾಡುತ್ತೇನೆ. 108 ಅಂತ ಅವರ ಕೈಯಲ್ಲೇ ಬರೆಸುತ್ತೇನೆ.

ಅರಸೀಕೆರೆ ಮೇಷ್ಟ್ರು: ಸಿಸ್ಟರ್, ನಮ್ಮ ಪಿಂಚಣಿದಾರರ ಗುಂಪಿಗೆ ನಿಮ್ಮ ಮಾತು ಹಾಕುತ್ತೇನೆ. ಒಂದು ಕೇಳಬೇಕಿತ್ತು. ರಾತ್ರಿ ಹೊತ್ತು ಎದೆ ಹಿಡಿದರೆ ಬೆಳಗಾಗಲಿ ಅಂತ ಕಾಯಬಹುದಾ?

ಬೇಲೂರು ಸಿಸ್ಟರ್: ಬೇಡವೇ ಬೇಡ. ಆಗಲೇ ಹೊರಡಿ. ಮಾತ್ರೆ ಚೀಟಿ, ಹಳೇ ಇಸಿಜಿ ಒಂದು ಚೀಲದಲ್ಲಿ ಹಾಕಿ ಬಾಗಿಲ ಹತ್ತಿರವೇ ಇಟ್ಟಿರಿ.