ಗೈರಾದವನನ್ನೂ ಕೇಳಬೇಕೆ?

ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವುದರಿಂದ, ಮಿನಿ ವಿಧಾನಸೌಧದ ಹತ್ತಿರದ ಚಹಾದಂಗಡಿಯ ಸಂಜೆಯ ಹರಟೆಗೆ ಯಾವ ನೌಕರನೂ ಗೈರಾಗುವುದಿಲ್ಲ. ಮೊನ್ನೆ ಮಿರ್ಚಿ ಭಜಿಯ ತಟ್ಟೆ ಬರುವ ಮೊದಲೇ ನಮ್ಮ ನಿವೃತ್ತ ಶಿರಸ್ತೇದಾರರು ತೀರ್ಪು ಕೊಟ್ಟುಬಿಟ್ಟರು: “ಹೇಳದೆ ಕೇಳದೆ ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತವನಿಗೆ ನೋಟಿಸೇಕೆ, ವಿಚಾರಣೆಯೇಕೆ? ಇಷ್ಟು ದಿನ ಬಾರದಿದ್ದರೆ ನೌಕರಿ ತಾನಾಗಿಯೇ ಹೋಯಿತೆಂದು ನಿಯಮದಲ್ಲಿ ಒಂದು ಸಾಲು ಸೇರಿಸಿದರೆ ಫೈಲು ಮುಚ್ಚುತ್ತದೆ, ಖುರ್ಚಿ ಖಾಲಿಯಾಗುತ್ತದೆ.”

“ಖುರ್ಚಿ ಮೊದಲೇ ಖಾಲಿ ಇತ್ತಲ್ಲ, ಸಾಹೇಬರೇ,” ಎಂದರು ಮಾಸ್ತರರು.

ವಕೀಲರು ಚಹಾದ ಲೋಟ ಕೆಳಗಿಟ್ಟರು. “ಆ ಸಾಲನ್ನು ಜೋಧಪುರದವರು ನಿಮಗಿಂತ ಮೊದಲೇ ಬರೆದಿದ್ದರು. ರಜೆ ಮುಗಿದ ಮೇಲೆ ಅನುಮತಿಯಿಲ್ಲದೆ ಒಂದು ತಿಂಗಳು ಹೊರಗುಳಿದವನು ತನ್ನ ಹುದ್ದೆಯನ್ನು ತ್ಯಾಗ ಮಾಡಿದಂತೆ ಎಂದು ಅಲ್ಲಿನ ಸೇವಾ ನಿಯಮ ಹೇಳುತ್ತಿತ್ತು. ಅದನ್ನು ಹಿಡಿದು ಜೈಶಂಕರ್ ಎಂಬ ಜೈಲಿನ ಹೆಡ್ ವಾರ್ಡರ್‌ನನ್ನು ಮನೆಗೆ ಕಳುಹಿಸಿದರು. ಕೆಲಸಕ್ಕೆ ಮರಳಲು ಸಿದ್ಧನಿರುವವನನ್ನು ಸರ್ಕಾರ ಹೊರಗಿಟ್ಟರೆ ಅದು ಸೇವೆಯಿಂದ ತೆಗೆದುಹಾಕಿದಂತೆಯೇ ಆಗುತ್ತದೆ, ಆದ್ದರಿಂದ ಸಂವಿಧಾನದ 311ನೆಯ ವಿಧಿಯಂತೆ ಮೊದಲು ಅವನ ಮಾತು ಕೇಳಬೇಕಿತ್ತು ಎಂದು ಸುಪ್ರೀಂ ಕೋರ್ಟ್ 1965ರಲ್ಲಿ ತೀರ್ಮಾನಿಸಿತು.”

“ತ್ಯಾಗ ಮಾಡಿದವರಿಗೆ ನಮ್ಮ ಕಡೆ ಶಾಲು ಹೊದಿಸಿ ಹಾರ ಹಾಕುತ್ತಾರೆ,” ಎಂದು ಮಾಸ್ತರರು ಮರುಗಿದರು. “ಪಾಪ, ಆತನಿಗೆ ತಾನು ತ್ಯಾಗ ಮಾಡಿದ ಸುದ್ದಿಯನ್ನು ಕಚೇರಿಯೇ ತಿಳಿಸಬೇಕಾಯಿತು.”

ಶಿರಸ್ತೇದಾರರು ಸುಲಭವಾಗಿ ಬಿಡುವವರಲ್ಲ. ರಜೆ ಯಾರ ಹಕ್ಕೂ ಅಲ್ಲವೆಂದರು; ವಕೀಲರು ಒಪ್ಪಿದರು. ಸೇವಾ ನಿಯಮ ಮಾಡುವ ಅಧಿಕಾರವನ್ನು 309ನೆಯ ವಿಧಿಯೇ ಸರ್ಕಾರಕ್ಕೆ ಕೊಟ್ಟಿದೆಯೆಂದರು. ಅದಕ್ಕೂ ಒಪ್ಪಿದ ವಕೀಲರು, ಆ ವಿಧಿ ‘ಸಂವಿಧಾನದ ಉಪಬಂಧಗಳಿಗೆ ಒಳಪಟ್ಟು’ ಎಂದೇ ಆರಂಭವಾಗುತ್ತದೆಂದು ನೆನಪಿಸಿದರು. ಶಿರಸ್ತೇದಾರರು ಆ ಭಾಗವನ್ನು ಸೇವಾವಧಿಯುದ್ದಕ್ಕೂ ಓದದೆ ದಾಟಿದ್ದರೆಂದು ನನ್ನ ಗುಮಾನಿ.

“ಊರನ್ನೇ ಬಿಟ್ಟು ಹೋದವನನ್ನು ಹೇಗೆ ಕೇಳುವುದು?”

“ಗೊತ್ತಿರುವ ಕೊನೆಯ ವಿಳಾಸಕ್ಕೆ ದೋಷಾರೋಪಣ ಪಟ್ಟಿ ಕಳುಹಿಸಿ, ಪತ್ರಿಕೆಯಲ್ಲಿ ಪ್ರಕಟಿಸಿ, ಆಗಲೂ ಬಾರದಿದ್ದರೆ ಏಕಪಕ್ಷೀಯವಾಗಿ ವಿಚಾರಣೆ ಮುಗಿಸಿ. ಗೈರುಹಾಜರಿಗೆ ಶಿಕ್ಷೆಯೇ ಇಲ್ಲವೆಂದು ಯಾರು ಹೇಳಿದರು? ಕೇಳದೆ ಶಿಕ್ಷೆ ಕೊಡಬೇಡಿ ಎಂದಷ್ಟೇ ಹೇಳಿದ್ದು.”

ಇಲ್ಲಿ ನಾನೂ ಬಾಯಿ ಹಾಕಿದೆ. ಕೋರ್ಟು ಇಲಾಖೆಯ ಕೈಕಟ್ಟಿತು ಎಂಬ ದೂರನ್ನು ನಾನು ನಂಬುವುದಿಲ್ಲ. ಗೈರಾದವನ ಫೈಲನ್ನು ವರ್ಷಗಟ್ಟಲೆ ಮೇಜಿನ ಮೇಲೆ ಮಲಗಿಸಿ, ಆಮೇಲೆ ಒಂದು ಬೆಳಿಗ್ಗೆ ಒಂದೇ ಸಾಲಿನ ಆದೇಶ ಹೊರಡಿಸುವ ಕಚೇರಿಗೆ ವಿಚಾರಣೆ ತಡವಾಗುತ್ತದೆಂದು ದೂರುವ ಮುಖವೆಲ್ಲಿದೆ?

“ಬಾರದಿರುವುದಷ್ಟೇ ಸಾಲದು, ಬೇಕೆಂದೇ ಬಾರದಿದ್ದನೆಂದು ಸಾಬೀತಾಗಬೇಕು,” ಎಂದು ವಕೀಲರು ಮುಂದುವರಿದರು. “2012ರ ಕೃಷ್ಣಕಾಂತ್ ಪರ್ಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ. ಕಾಯಿಲೆ, ಅಪಘಾತ, ಆಸ್ಪತ್ರೆ ಮುಂತಾದ ಕೈಮೀರಿದ ಕಾರಣವಿದ್ದರೆ ಅದನ್ನು ಕರ್ತವ್ಯದ್ರೋಹ ಎನ್ನಲಾಗದು. ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಮೇಲಧಿಕಾರಿಯೇ ಬಿಡಲಿಲ್ಲ ಎಂಬುದು ಆ ನೌಕರನ ವಾದವಾಗಿತ್ತು.”

“ಹಾಗಾದರೆ ನಮ್ಮೂರಿನ ಮೇ ತಿಂಗಳ ಬಿಸಿಲು ಕೈಮೀರಿದ ಕಾರಣವೋ ಅಲ್ಲವೋ?” ಎಂದು ಮಾಸ್ತರರು ಕೇಳಿದರು. ಶಿರಸ್ತೇದಾರರು ಅವರನ್ನು ನೋಡಿದ ನೋಟವೇ ಕಾರಣ ಕೇಳುವ ನೋಟಿಸಿನಂತಿತ್ತು.

“ಇನ್ನೊಂದು ತೀರ್ಪಿದೆ, 1971ರದು,” ಎಂದರು ವಕೀಲರು. “ಐದು ವರ್ಷ ಸತತವಾಗಿ ಗೈರಾದವನ ನೌಕರಿ ಮುಗಿಯಿತು ಎನ್ನುವ ಬಿಹಾರದ ನಿಯಮವನ್ನು ಮುಂದಿಟ್ಟು ದೇವಕಿನಂದನ್ ಪ್ರಸಾದ್ ಅವರು ನೌಕರಿಯಲ್ಲಿಲ್ಲವೆಂದು ಆದೇಶಿಸಿ, ಆಮೇಲೆ ಪಿಂಚಣಿಯನ್ನೂ ನಿರಾಕರಿಸಿದ್ದರು. ಅವರನ್ನು ಕೇಳದೆ ಹೊರಡಿಸಿದ ಆ ಆದೇಶವೂ ಬಿದ್ದುಹೋಯಿತು.”

“ಅಲ್ಲಿಯೂ ಸರ್ಕಾರಕ್ಕೇ ಸೋಲೇ? ಈ ಕೋರ್ಟುಗಳು ನೌಕರರನ್ನು ಕೆಡಿಸಿಬಿಟ್ಟವು.”

“ಪಿಂಚಣಿಯು ಸರ್ಕಾರದ ಭಿಕ್ಷೆಯಲ್ಲ, ನೌಕರನ ಹಕ್ಕು ಎಂದೂ ಅದೇ ತೀರ್ಪಿನಲ್ಲಿ ಹೇಳಲಾಗಿದೆ.”

ಶಿರಸ್ತೇದಾರರು ಜೇಬಿನಿಂದ ಪೆನ್ನು ತೆಗೆದು, ಭಜಿ ಕಟ್ಟಿದ ಕಾಗದದ ಒಣ ಮೂಲೆಯೊಂದನ್ನು ಹರಿದುಕೊಂಡರು. “ಯಾವ ಇಸವಿ ಎಂದಿರಿ?”