ಮೂವತ್ತೆಂಟರಲ್ಲಿ ಫೋರ್‌ಹ್ಯಾಂಡ್ ಹಿಡಿತ ಬದಲಿಸಬಹುದೇ? ಅನುಭವ ಇದ್ದವರು ತಿಳಿಸಿ

ಮೋಕಾ ರಸ್ತೆ, ಬಳ್ಳಾರಿ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನನಗೆ ಮೂವತ್ತೆಂಟು ವರ್ಷ, ಟೆನಿಸ್ ಆಡತೊಡಗಿ ನಾಲ್ಕು ವರ್ಷವಾಯಿತು. ಮೊದಲು ಶಟಲ್ ಆಡುತ್ತಿದ್ದುದರಿಂದ ಕಾಂಟಿನೆಂಟಲ್ ಹಿಡಿತದಲ್ಲೇ (ಸುತ್ತಿಗೆ ಹಿಡಿದ ಹಾಗೆ, ತೋರುಬೆರಳಿನ ಬುಡ ಹಿಡಿಕೆಯ ಎಂಟು ಮುಖಗಳಲ್ಲಿ ಎರಡನೆಯದರ ಮೇಲೆ), ಮಣಿಕಟ್ಟಿನ ಬಲದಿಂದಲೇ ಫೋರ್‌ಹ್ಯಾಂಡ್ (ರ್ಯಾಕೆಟ್ ಹಿಡಿದ ಕೈಯ ಕಡೆಗೆ ಬಂದ ಚೆಂಡಿನ ಹೊಡೆತ) ಹೊಡೆಯುವ ಅಭ್ಯಾಸ ಅಂಟಿಕೊಂಡಿದೆ. ಮೆಲ್ಲಗೆ ಹೊಡೆದರೆ ಚೆಂಡು ಸರ್ವಿಸ್ ಗೆರೆಯ ಬಳಿಯೇ ಬೀಳುತ್ತದೆ, ಜೋರಾಗಿ ಹೊಡೆದರೆ ಬೇಸ್‌ಲೈನ್ ದಾಟಿ ಹಿಂದಿನ ಜಾಲರಿಗೆ ಬಡಿಯುತ್ತದೆ. ಅಂಗೈ ಹಿಡಿಕೆಯ ಕೆಳಗಡೆಗೆ ಸರಿಯುವ ಸೆಮಿ-ವೆಸ್ಟರ್ನ್ ಹಿಡಿತಕ್ಕೆ, ಅಂದರೆ ನಾಲ್ಕನೆಯ ಮುಖಕ್ಕೆ, ಬರದಿದ್ದರೆ ಹೊಡೆತಕ್ಕೆ ಬಲ ಬರುವುದಿಲ್ಲ ಎಂದು ಹೊಸ ಕೋಚ್ ಹೇಳುತ್ತಾರೆ. ನನಗೆ ಸಿಗುವುದು ಬೆಳಿಗ್ಗೆ ಆರರಿಂದ ಏಳರವರೆಗಿನ ಒಂದು ಗಂಟೆ ಮಾತ್ರ. ಇನ್ನು ಮೂರು ತಿಂಗಳಿಗೆ ನೌಕರರ ಟೂರ್ನಿ ಇದ್ದು, ಡಬಲ್ಸ್‌ನಲ್ಲಿ ಜೊತೆಗಾರರಿಗೆ ಮಾತು ಕೊಟ್ಟಿದ್ದೇನೆ. ಹಿಡಿತವನ್ನು ಈಗಲೇ ಬದಲಿಸಲೋ, ಟೂರ್ನಿ ಮುಗಿದ ಮೇಲೋ?

ಶಕ್ತಿನಗರ:
ಹಿಡಿತ ಬದಲಿಸುವ ಮಾತು ಬಂದಾಗಲೆಲ್ಲ ನನಗೆ ನನ್ನ ಬಲ ಮಣಿಕಟ್ಟು ನೆನಪಾಗುತ್ತದೆ, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ನನಗೀಗ ಅರವತ್ತೊಂದು. ನಲವತ್ತಾರರಲ್ಲಿ, ರಫೆಲ್ ನಡಾಲ್ ಅವರ ಚೆಂಡು ನೆಲ ಮುಟ್ಟಿ ಎದುರಾಳಿಯ ಹೆಗಲಿಗಿಂತ ಮೇಲೆ ಚಿಮ್ಮುವುದನ್ನು ಟಿವಿಯಲ್ಲಿ ನೋಡಿ ಮರುಳಾಗಿ, ಯಾರನ್ನೂ ಕೇಳದೆ, ಈಸ್ಟರ್ನ್ ಹಿಡಿತದಿಂದ (ಮೂರನೆಯ ಮುಖ) ಒಮ್ಮೆಗೇ ಎರಡು ಮುಖ ದಾಟಿಸಿ ಪೂರ್ಣ ವೆಸ್ಟರ್ನ್‌ಗೆ (ಐದನೆಯ ಮುಖ) ಹೋದೆ. ಆರನೆಯ ವಾರಕ್ಕೆ ಕಿರುಬೆರಳಿನ ಕಡೆಯ ಮಣಿಕಟ್ಟು ನೋಯತೊಡಗಿತು. ಹತ್ತನೆಯ ವಾರಕ್ಕೆ ಚಹಾದ ಲೋಟ ಎತ್ತಲಾಗಲಿಲ್ಲ. ಹೈದರಾಬಾದಿನಲ್ಲಿ ಎಂ.ಆರ್.ಐ.ಗೆ 7,500 ರೂಪಾಯಿ, ಫಿಸಿಯೋಥೆರಪಿ ಇಪ್ಪತ್ನಾಲ್ಕು ಸಲ, ಸಲಕ್ಕೆ 400ರಂತೆ 9,600, ಮಣಿಕಟ್ಟಿನ ಪಟ್ಟಿಗೆ 1,150, ಒಟ್ಟು 18,250 ರೂಪಾಯಿ. ರೈಲಿನ ಖರ್ಚು ಇದರಲ್ಲಿ ಸೇರಿಲ್ಲ. ಏಳು ತಿಂಗಳು ರ್ಯಾಕೆಟ್ ಮುಟ್ಟಲಿಲ್ಲ.

ಮರಳಿ ಬಂದದ್ದು ಈಸ್ಟರ್ನ್‌ಗೇ. ಕೈಕುಲುಕುವ ಹಾಗೆ, ತೋರುಬೆರಳಿನ ಬುಡದ ಗೆಣ್ಣು ಹಿಡಿಕೆಯ ಮೂರನೆಯ ಮುಖದ ಮೇಲೆ ಬಂದರೆ, ಅಂಗೈ ಎತ್ತ ನೋಡುತ್ತದೆಯೋ ರ್ಯಾಕೆಟ್ಟಿನ ಮುಖವೂ ಅತ್ತಲೇ ನೋಡುತ್ತದೆ. ರೋಜರ್ ಫೆಡರರ್ ಹೆಚ್ಚುಕಡಿಮೆ ಇದೇ ಹಿಡಿತದಲ್ಲಿ ಆಡಿದವರು. ಸ್ಟೆಫಿ ಗ್ರಾಫ್ ಅವರಿಗೆ ‘ಫ್ರಾಲೈನ್ ಫೋರ್‌ಹ್ಯಾಂಡ್’ (ಜರ್ಮನ್‌ನಲ್ಲಿ ‘ಕುಮಾರಿ ಫೋರ್‌ಹ್ಯಾಂಡ್’) ಎಂಬ ಹೆಸರು ಬಂದದ್ದೂ ಈಸ್ಟರ್ನ್ ಹಿಡಿತದ ಹೊಡೆತದಿಂದಲೇ. ಬಲಕ್ಕಾಗಿ ಕೈ ತಿರುಚಬೇಕು ಎನ್ನುವವರ ಮಾತನ್ನು ದಯವಿಟ್ಟು ನಂಬಬೇಡಿ.

ಗಂಗಾವತಿ ಉಪನ್ಯಾಸಕಿ:
ಶಕ್ತಿನಗರದ ಸರ್ ಅವರ ನೋವಿನ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ಹೋದದ್ದು ಐದನೆಯ ಮುಖಕ್ಕೆ, ಪ್ರಶ್ನೆ ಕೇಳಿದವರ ಕೋಚ್ ಹೇಳುತ್ತಿರುವುದು ನಾಲ್ಕನೆಯದಕ್ಕೆ. ಈ ಎರಡನ್ನೂ ಒಂದೇ ಎಂದು ಬರೆದರೆ ಓದುವವರು ಹೆದರುತ್ತಾರೆ.

ನಾನು ಮೂವತ್ತನಾಲ್ಕರಲ್ಲಿ ಸೆಮಿ-ವೆಸ್ಟರ್ನ್‌ಗೆ ಬದಲಾದೆ. ಸಲೀಸಾಗಿ ಬಂತು ಎಂದು ಹೇಳುವುದಿಲ್ಲ. ಎಂಟು ತಿಂಗಳು ಹಿಡಿಯಿತು. ಮೊದಲ ಎರಡು ತಿಂಗಳಲ್ಲಿ ಸತತವಾಗಿ ಹದಿನಾಲ್ಕು ಆಟ ಸೋತೆ, ಅದರಲ್ಲಿ ಮೂರು ನನ್ನ ವಿದ್ಯಾರ್ಥಿನಿಯರ ಎದುರು. ವಾರಕ್ಕೆರಡು ದಿನ ಸಂಜೆ ಕಾಲೇಜು ಮುಗಿಸಿ ಹೊಸಪೇಟೆಗೆ ಹೋಗಿ ರಾತ್ರಿ ಕೊನೆಯ ಬಸ್ಸಿಗೆ ಮರಳುತ್ತಿದ್ದೆ. ತಿಂಗಳಿಗೆ 3,500 ಕೋಚಿಂಗ್ ಶುಲ್ಕ, ಬಸ್ಸಿಗೆ ಸುಮಾರು 1,200, ಚೆಂಡಿನ ಡಬ್ಬಿ ಬೇರೆ. ಮನೆಯವರು ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಬದಲಾವಣೆ ಕೈಗೂಡಿದ್ದು ಎಡಗೈಯಿಂದ. ಚೆಂಡು ಎದುರಾಳಿಯ ರ್ಯಾಕೆಟ್ ಬಿಟ್ಟ ಕೂಡಲೇ ಎಡಗೈಯನ್ನು ರ್ಯಾಕೆಟ್ಟಿನ ಕೊರಳಿನ ಮೇಲೆ ಇಟ್ಟುಕೊಂಡೇ ಎರಡೂ ಹೆಗಲುಗಳನ್ನು ಬದಿಗೆ ತಿರುಗಿಸಿ, ಆಮೇಲೆ ಆ ಕೈಯನ್ನು ಪಕ್ಕದ ಗೆರೆಯ ಕಡೆಗೆ ಚಾಚಬೇಕು. ನಾನು ಅದುವರೆಗೆ ಬಲಗೈಯೊಂದನ್ನೇ ಹಿಂದಕ್ಕೆ ಎಳೆಯುತ್ತಿದ್ದೆ, ಮೈ ತಿರುಗುತ್ತಲೇ ಇರಲಿಲ್ಲ. ಹೆಗಲು ತಿರುಗಿದ ದಿನ ಚೆಂಡಿನ ಸದ್ದೇ ಬೇರೆಯಾಯಿತು. ರ್ಯಾಕೆಟ್ ಕೆಳಗಿನಿಂದ ಮೇಲಕ್ಕೆ ಉಜ್ಜಿಕೊಂಡು ಹೋದಾಗ ಚೆಂಡು ಮುಂದಕ್ಕೆ ಉರುಳುತ್ತಾ ಸಾಗುತ್ತದೆ, ನೆಟ್‌ನ ಮೇಲೆ ಒಂದು ಮೊಳ ಎತ್ತರದಲ್ಲಿ ಹೋದರೂ ಗೆರೆಯೊಳಗೇ ಇಳಿಯುತ್ತದೆ. ಪ್ರಶ್ನೆ ಕೇಳಿದವರ ಚೆಂಡು ಜಾಲರಿಗೆ ಹೋಗುತ್ತಿರುವುದು ಈ ಉರುಳು ಇಲ್ಲದಿರುವುದರಿಂದ. ವಯಸ್ಸಿನ ಅಂಜಿಕೆಯೂ ಬೇಡ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ.

ಶಕ್ತಿನಗರ:
ಮೇಡಂ, ಬೋಪಣ್ಣನವರು ಬಾಲ್ಯದಿಂದ ಕಲಿತ ಹೊಡೆತವನ್ನು 43ರವರೆಗೆ ಕಾಪಾಡಿಕೊಂಡವರು, ಹೊಸದಾಗಿ ಕಲಿತವರಲ್ಲ. ಆ ಉದಾಹರಣೆ ಇಲ್ಲಿ ಸಲ್ಲುವುದಿಲ್ಲ. ನಾಲ್ಕನೆಯ ಮುಖ, ಐದನೆಯ ಮುಖ ಎಂದು ನೀವು ಪಾಠ ಮಾಡುವ ಮೊದಲೇ, ಬೆವರಿದ ಕೈಯಲ್ಲಿ ಹಿಡಿತ ತಾನಾಗಿ ಒಂದು ಮುಖ ಜಾರುತ್ತದೆ ಎಂಬುದನ್ನು ನಾನು ನನ್ನ ದುಡ್ಡು ಕೊಟ್ಟು ಕಲಿತಿದ್ದೇನೆ.

ರಾಯಚೂರು, ಒಬ್ಬ ತಂದೆ:
ಇಬ್ಬರೂ ಹಿರಿಯರು ಹಿಡಿತದ ಬಗ್ಗೆಯೇ ಜಗಳವಾಡುತ್ತಿದ್ದೀರಿ. ಈ ಹಿಡಿತದ ಮಾತನ್ನೇ ನಂಬಿ ನನ್ನ ಮಗಳ ಒಂದೂವರೆ ವರ್ಷ ಹಾಳಾಯಿತು, ಅದಕ್ಕಾಗಿ ಬರೆಯುತ್ತಿದ್ದೇನೆ.

ಅವಳಿಗೆ ಆಗ ಹನ್ನೊಂದು. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಒಂದು ಅಕಾಡೆಮಿಗೆ ಇಪ್ಪತ್ತೊಂದು ದಿನ ಕಳುಹಿಸಿದೆ. ಶುಲ್ಕ 24,000, ತಾಯಿ ಮಗಳು ಉಳಿದುಕೊಂಡ ಕೋಣೆಗೆ 18,000, ಅವರು ಹೇಳಿದರೆಂದು ಕೊಂಡ ದೊಡ್ಡವರ 300 ಗ್ರಾಂ ರ್ಯಾಕೆಟ್ಟಿಗೆ 17,400, ಒಟ್ಟು 59,400. ಇಪ್ಪತ್ತೊಂದು ದಿನವೂ ಬುಟ್ಟಿಯಿಂದ ಚೆಂಡು ಎಸೆದು ‘ಹಿಡಿತ ನೋಡು, ಹಿಡಿತ ನೋಡು’ ಎಂದದ್ದೇ ಎಂದದ್ದು. ಕಾಲಿನ ಬಗ್ಗೆ ಒಂದು ಮಾತು ಇಲ್ಲ. ಮಗು ಆ ಭಾರದ ರ್ಯಾಕೆಟ್ಟನ್ನು ತೋಳಿನಿಂದ ಎಳೆದೆಳೆದು ಹೊಡೆದು ಮೊಣಕೈ ಒಳಭಾಗದಲ್ಲಿ ನೋವು ತಂದುಕೊಂಡಳು. ಐದು ತಿಂಗಳು ಆಟವಿಲ್ಲ. ಕಿಟಕಿಯ ಪಕ್ಕ ಕುಳಿತು ಬೇರೆ ಮಕ್ಕಳು ಬೀದಿಯಲ್ಲಿ ಆಡುವುದನ್ನು ನೋಡುತ್ತಿದ್ದಳು.

ಅವಳನ್ನು ಸರಿಪಡಿಸಿದ್ದು ನಮ್ಮೂರ ಕ್ಲಬ್ಬಿನ ಹಳೆಯ ಮಾರ್ಕರ್ (ಸದಸ್ಯರೊಡನೆ ಆಡಿ ಅಭ್ಯಾಸ ಮಾಡಿಸುವವರು) ಒಬ್ಬರು. ಮೊದಲ ಹದಿನೈದು ದಿನ ರ್ಯಾಕೆಟ್ಟನ್ನೇ ಕೊಡಲಿಲ್ಲ. ಎದುರಿನವರು ಹೊಡೆಯುವ ಕ್ಷಣಕ್ಕೆ ಎರಡೂ ಪಾದಗಳಲ್ಲಿ ಸಣ್ಣ ಜಿಗಿತ ಹಾಕಿ ಇಳಿಯಬೇಕು, ಪುಟಿದ ಚೆಂಡನ್ನು ಮೈಯ ಮುಂದೆಯೇ ಬಲಗೈಯಲ್ಲಿ ಹಿಡಿಯಬೇಕು, ಪಕ್ಕದಲ್ಲಿ ಹಿಡಿದರೆ ಲೆಕ್ಕಕ್ಕಿಲ್ಲ. ಆಮೇಲೆ ಎರಡು ಕಿಲೋ ಜೋಳ ತುಂಬಿದ ಬಟ್ಟೆಯ ಚೀಲವನ್ನು ಎರಡೂ ಕೈಯಲ್ಲಿ ಬಲ ಸೊಂಟದ ಬಳಿ ಹಿಡಿದು, ಬಲ ಮೊಣಕಾಲು ಬಗ್ಗಿಸಿ, ನೆಲವನ್ನು ಒದ್ದು, ಸೊಂಟ ತಿರುಗಿಸಿ ಮುಂದಕ್ಕೆ ಎಸೆಯುವುದು. ತೋಳಿನಿಂದ ಎಸೆದರೆ ಚೀಲ ಕಾಲಬುಡದಲ್ಲೇ ಬೀಳುತ್ತದೆ, ಸೊಂಟದಿಂದ ಎಸೆದರೆ ಸರ್ವಿಸ್ ಗೆರೆ ದಾಟುತ್ತದೆ. ಹನ್ನೊಂದು ವರ್ಷದ ಮಗುವಿಗೂ ಅದು ಒಂದೇ ವಾರದಲ್ಲಿ ಅರ್ಥವಾಯಿತು. ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಹೆಗಲಿಗೆ ಬಲ ಏರಿ ಬಂದಾಗ ತೋಳು ಬಾರುಕೋಲಿನ ಹಾಗೆ ಕೊನೆಗೆ ತಾನಾಗಿ ಬರುತ್ತದೆ. ಅವಳು ಈಗ ಯಾವ ಹಿಡಿತದಲ್ಲಿ ಹೊಡೆಯುತ್ತಾಳೆಂದು ನಾನು ನೋಡಲೂ ಹೋಗಿಲ್ಲ.

ಗಟ್ಟಿಂಗ್, ಗಾಂಧಿನಗರ, ಬಳ್ಳಾರಿ:
ಹದಿನೆಂಟು ವರ್ಷದಿಂದ ರ್ಯಾಕೆಟ್ಟಿಗೆ ಗಟ್ (ಹೆಣೆಯುವ ತಂತಿ) ಕಟ್ಟುತ್ತಿದ್ದೇನೆ. ರಾಯಚೂರಿನ ಸರ್, ಮಗುವಿನ ರ್ಯಾಕೆಟ್ಟಿಗೆ ಯಾವ ಗಟ್ ಹಾಕಿಸಿದ್ದಿರಿ, ಎಷ್ಟು ಪೌಂಡಿನ ಬಿಗಿತಕ್ಕೆ ಎಳೆಸಿದ್ದಿರಿ ಎಂದು ಬರೆದಿಲ್ಲ. ಮೊಣಕೈ ನೋವು ಎಂದು ಬರುವವರಲ್ಲಿ ಹೆಚ್ಚಿನವರ ರ್ಯಾಕೆಟ್ಟಿನಲ್ಲಿ ಗಟ್ಟಿ ಪಾಲಿಯೆಸ್ಟರ್ ಗಟ್ ಇರುವುದನ್ನು ನಾನು ನೋಡಿದ್ದೇನೆ. ಬ್ರೆಜಿಲ್‌ನ ಆಟಗಾರ ಗುಸ್ಟಾವೊ ಕುಯೆರ್ಟನ್ 1997ರಲ್ಲಿ ಪಾಲಿಯೆಸ್ಟರ್ ಗಟ್ಟಿನಿಂದ ಫ್ರೆಂಚ್ ಓಪನ್ ಗೆದ್ದ ಮೇಲೆ ಅದು ಜಗತ್ತಿಗೆಲ್ಲ ಹಬ್ಬಿತು. ಆದರೆ ಆ ಗಟ್ ಅವರಂತೆ ಪೂರ್ಣ ವೇಗದಲ್ಲಿ ಬೀಸುವವರಿಗೆ. ನಿಧಾನವಾಗಿ ಬೀಸುವವರಿಗೆ ಅದರಿಂದ ಉರುಳೂ ಸಿಗದು, ಬಲವೂ ಸಿಗದು, ಏಟಿನ ಅದುರು ಮಾತ್ರ ಮೊಣಕೈಗೆ ಬರುತ್ತದೆ. ಮೆದುವಾದ ಸಿಂಥೆಟಿಕ್ ಗಟ್ ಹಾಕಿಸಿ, 50 ಪೌಂಡಿನ ಆಸುಪಾಸಿಗೆ ಇಳಿಸಿದರೆ ಅದೇ ಬೀಸಿಗೆ ಚೆಂಡು ಇನ್ನೂ ಆಳಕ್ಕೆ ಹೋಗುತ್ತದೆ. ನಮ್ಮ ಏಪ್ರಿಲ್ ಮೇ ತಿಂಗಳ ಬಿಸಿಲಲ್ಲಿ ಚೆಂಡು ತಾನೇ ಹೆಚ್ಚು ಪುಟಿಯುವುದರಿಂದ ಆಗ ಮಾತ್ರ ಎರಡು ಪೌಂಡು ಏರಿಸಿಕೊಳ್ಳಿ.

ರಾಯಚೂರು, ಒಬ್ಬ ತಂದೆ:
ಪಾಲಿಯೆಸ್ಟರ್, 58 ಪೌಂಡು. ಹಾಕಿಕೊಟ್ಟವರು ನಿಮ್ಮ ವೃತ್ತಿಯವರೇ ಒಬ್ಬರು, 1,400 ರೂಪಾಯಿ ತೆಗೆದುಕೊಂಡು. ಎದುರಿಗೆ ನಿಂತಿರುವುದು ಮಗು ಎಂದು ಕಂಡೂ ಒಂದು ಮಾತು ಹೇಳಲಿಲ್ಲ. ಈಗ ನನ್ನನ್ನೇ ಪ್ರಶ್ನಿಸುತ್ತಿದ್ದೀರಿ.

ಗಟ್ಟಿಂಗ್, ಗಾಂಧಿನಗರ, ಬಳ್ಳಾರಿ:
ಅವರು ಮಾಡಿದ್ದು ತಪ್ಪು, ಅದನ್ನು ತಪ್ಪೆಂದೇ ಹೇಳುತ್ತೇನೆ. ಆದರೆ ಒಬ್ಬರ ತಪ್ಪಿಗೆ ವೃತ್ತಿಯನ್ನೇ ಬೈಯಬೇಡಿ. ಪಾಲಿಯೆಸ್ಟರ್ ಬೇಡವೆಂದು ಎಷ್ಟೋ ಪಾಲಕರನ್ನು ನಾನು ಮರಳಿ ಕಳುಹಿಸಿದ್ದೇನೆ, ಅವರು ಬೇರೆ ಅಂಗಡಿಯಲ್ಲಿ ಹಾಕಿಸಿಕೊಂಡು ನನ್ನ ಎದುರಿನಲ್ಲೇ ಆಡಿದ್ದಾರೆ.

ಮುನಿರಾಬಾದ್:
ಕೋಚ್, ಅಕಾಡೆಮಿ, ಗಟ್ ಎಂದು ಇಷ್ಟೊಂದು ದುಡ್ಡು ಸುರಿದಿರುವುದನ್ನು ಓದಿ ಸಂಕಟವಾಯಿತು. ನಾನು ಕಲಿತದ್ದು ನಮ್ಮ ವಸತಿಗೃಹಗಳ ಹಿಂದಿನ ಗೋಡೆಯಿಂದ. ನೆಲದಿಂದ ಮೂರು ಅಡಿಗೆ, ಅಂದರೆ ನೆಟ್‌ನ ನಡುಭಾಗದ ಎತ್ತರಕ್ಕೆ ಸುಣ್ಣದಿಂದ ಒಂದು ಗೆರೆ, ಅದರ ಮೇಲೆ ಐದೂವರೆ ಅಡಿಗೆ ಇನ್ನೊಂದು ಗೆರೆ ಎಳೆದು, ಎರಡರ ನಡುವೆ ದಿನಕ್ಕೆ ಮುನ್ನೂರು ಫೋರ್‌ಹ್ಯಾಂಡ್ ಹೊಡೆದೆ. ಇಟ್ಟಿಗೆಗೆ ಮೊಬೈಲ್ ಆನಿಸಿ ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡಿದಾಗ, ನಾನು ಚೆಂಡನ್ನು ಮುಂದಿನ ಕಾಲಿನ ಎದುರಲ್ಲಿ ಅಲ್ಲ, ಸೊಂಟದ ನೇರಕ್ಕೆ ಬಂದ ಮೇಲೆ ಹೊಡೆಯುತ್ತಿರುವುದು ಕಂಡಿತು. ಎರಡು ವರ್ಷದಿಂದ ನನಗೆ ಯಾರೂ ಹೇಳದ ವಿಷಯವಿದು. ಒಂದು ಗೇಣು ಮುಂದೆ ಹೊಡೆಯತೊಡಗಿದ ಮೇಲೆ ಯಾವ ಹೆಚ್ಚಿನ ಶ್ರಮವೂ ಇಲ್ಲದೆ ಬಲ ಬಂತು. ಖರ್ಚು ಸುಣ್ಣದ್ದು ಮಾತ್ರ.

ಗಂಗಾವತಿ ಉಪನ್ಯಾಸಕಿ:
ಮುನಿರಾಬಾದಿನ ಅಣ್ಣನವರೇ, ಗೋಡೆ ಚೆಂಡನ್ನು ಅರ್ಧ ಸಮಯದಲ್ಲೇ ಮರಳಿಸುತ್ತದೆ. ಹೊಸಬರಿಗೆ ಹೆಗಲು ತಿರುಗಿಸಲು ಪುರುಸೊತ್ತೇ ಸಿಗದೆ ಕೈ ಮಾತ್ರ ಆಡಿಸುವುದು ರೂಢಿಯಾಗುತ್ತದೆ. ನನ್ನ ಹಳೆಯ ಚಾಳಿ ಬಂದದ್ದು ಇಂಥದೇ ಗೋಡೆಯಿಂದ.

ಮುನಿರಾಬಾದ್:
ಎಂಟು ಹೆಜ್ಜೆ ದೂರದಲ್ಲಿ ನಿಂತರೆ ಹಾಗಾಗುತ್ತದೆ ಮೇಡಂ. ಹದಿನೈದು ಹೆಜ್ಜೆ ಹಿಂದೆ ನಿಂತು, ಎರಡು ಪುಟಿತದ ಮೇಲೆ ಹೊಡೆದರೆ ಬೇಕಾದಷ್ಟು ಸಮಯ ಸಿಗುತ್ತದೆ. ನೀವು ಗೋಡೆಗೆ ತೀರ ಹತ್ತಿರ ನಿಂತಿದ್ದೀರಿ, ದೋಷ ಗೋಡೆಯದಲ್ಲ.

ಶಕ್ತಿನಗರ:
ಎರಡು ಪುಟಿತದ ಚೆಂಡು ಮೊಣಕಾಲಿಗಿಂತ ಕೆಳಗೆ ಬರುತ್ತದೆ. ಅದನ್ನು ಎತ್ತಲು ಈಸ್ಟರ್ನ್ ಹಿಡಿತವೇ ಸುಲಭ, ಸೆಮಿ-ವೆಸ್ಟರ್ನ್‌ನಲ್ಲಿ ಮಣಿಕಟ್ಟು ತಿರುಚಬೇಕಾಗುತ್ತದೆ. ನನ್ನ ಮೊದಲ ಮಾತಿಗೇ ಇದು ಪುರಾವೆ.

ಮೋಕಾ ರಸ್ತೆ, ಬಳ್ಳಾರಿ:
ಎಲ್ಲರಿಗೂ ಕೃತಜ್ಞತೆಗಳು. ಜೋಳದ ಚೀಲವನ್ನು ನಿನ್ನೆ ಮಹಡಿಯ ಮೇಲೆ ಎಸೆದು ನೋಡಿದೆ, ಮೊದಲ ಹತ್ತು ಸಲ ಕಾಲಬುಡದಲ್ಲೇ ಬಿತ್ತು. ಮೊಬೈಲಿನಲ್ಲಿ ಚಿತ್ರೀಕರಿಸಿಯೂ ನೋಡಿದೆ. ನಾನೂ ಚೆಂಡನ್ನು ಸೊಂಟದ ನೇರಕ್ಕೇ ಹೊಡೆಯುತ್ತಿದ್ದೇನೆ. ಆದರೆ ಟೂರ್ನಿಯ ಮೊದಲು ಬದಲಿಸಬೇಕೋ, ನಂತರವೋ ಎಂಬುದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ.

ಗಂಗಾವತಿ ಉಪನ್ಯಾಸಕಿ:
ನಂತರ. ನಾನು ಸೋತ ಆ ಹದಿನಾಲ್ಕು ಆಟಗಳಲ್ಲಿ ಆರು ಡಬಲ್ಸ್. ಜೊತೆಗಾರ್ತಿ ಒಂದು ವರ್ಷ ನನ್ನೊಡನೆ ಮತ್ತೆ ಆಡಲಿಲ್ಲ. ಈ ಮೂರು ತಿಂಗಳು ಹೆಗಲು ತಿರುಗಿಸುವುದನ್ನೂ ಮುಂದೆ ಹೊಡೆಯುವುದನ್ನೂ ಹಳೆಯ ಹಿಡಿತದಲ್ಲೇ ಕಲಿಯಿರಿ, ವಾಲಿಗೆ (ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವುದಕ್ಕೆ) ಆ ಕಾಂಟಿನೆಂಟಲ್ ಹೇಗೂ ಬೇಕು.

ಶಕ್ತಿನಗರ:
ಇದೊಂದು ಮಾತಿಗೆ ನನ್ನ ಒಪ್ಪಿಗೆಯಿದೆ. ನಂತರ ಬದಲಿಸುವಾಗಲೂ ಒಂದೇ ಒಂದು ಮುಖ ಬದಲಿಸಿ, ಮೂರನೆಯದಕ್ಕೆ.

ಗಂಗಾವತಿ ಉಪನ್ಯಾಸಕಿ:
ನಾಲ್ಕನೆಯದಕ್ಕೆ.

ಗಟ್ಟಿಂಗ್, ಗಾಂಧಿನಗರ, ಬಳ್ಳಾರಿ:
ಮೋಕಾ ರಸ್ತೆಯ ಸರ್, ಶಟಲ್ ಆಡಿ ಬಂದವರು ಸಾಮಾನ್ಯವಾಗಿ ತೀರ ಸಣ್ಣ ಹಿಡಿಕೆಯ ರ್ಯಾಕೆಟ್ ಕೊಳ್ಳುತ್ತಾರೆ. ಹಿಡಿಕೆ ಸಣ್ಣದಾದಷ್ಟೂ ಅದು ಕೈಯಲ್ಲಿ ತಿರುಗದಿರಲೆಂದು ಬೆರಳು ಬಿಗಿಯುತ್ತವೆ, ಬೆರಳು ಬಿಗಿದರೆ ಮುಂಗೈ ಸಡಿಲವಾಗಿ ಬೀಸುವುದಿಲ್ಲ. ಫೋರ್‌ಹ್ಯಾಂಡ್ ಹಿಡಿತದಲ್ಲಿ ರ್ಯಾಕೆಟ್ ಹಿಡಿದು, ಉಂಗುರಬೆರಳಿನ ತುದಿಗೂ ಅಂಗೈಯ ದಿಬ್ಬಕ್ಕೂ ನಡುವೆ ಎಡಗೈಯ ತೋರುಬೆರಳು ಸರಿಯಾಗಿ ಕೂರುತ್ತದೆಯೇ ನೋಡಿ. ಜಾಗವೇ ಇಲ್ಲದಿದ್ದರೆ ಹಿಡಿಕೆಯ ಮೇಲೊಂದು ಓವರ್‌ಗ್ರಿಪ್ (ತೆಳುವಾದ ಪಟ್ಟಿ) ಸುತ್ತಬೇಕು. ಭಾನುವಾರ ಬೆಳಿಗ್ಗೆ ಅಂಗಡಿಯಲ್ಲಿರುತ್ತೇನೆ, ರ್ಯಾಕೆಟ್ ತನ್ನಿ, ಗಟ್ ಎಷ್ಟು ಸಡಿಲಾಗಿದೆ ಎಂಬುದನ್ನೂ ನೋಡೋಣ.